ವಿಂಡೋಸ್ 7, 10, 11 ಒಂದೇ ಜಾಲದಲ್ಲಿರುವಾಗ ರೋಮಿಂಗ್ ಪ್ರೊಫೈಲ್: ಸಮಗ್ರ ಮಾರ್ಗದರ್ಶಿ

ಮೈಸೂರಿನ ಒಂದು ವಿದ್ಯಾಸಂಸ್ಥೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಸರ್ವರ್, ಕಚೇರಿ ಮತ್ತು ಪ್ರಯೋಗಾಲಯಗಳು ಮೈಸೂರಿನಲ್ಲಿವೆ. ಸುಮಾರು 45 ಕಿಲೋಮೀಟರ್ ಆಚೆ ಮಂಡ್ಯದಲ್ಲಿ ಒಂದು ಸಣ್ಣ ಶಾಖೆಯಿದೆ. ಒಂದು ಬೆಳಿಗ್ಗೆ ಪರೀಕ್ಷಾ ವಿಭಾಗದ ಬೆರಳಚ್ಚುಗಾರರು ತಮ್ಮ ವಿಂಡೋಸ್ 7 ಯಂತ್ರ ಕೆಟ್ಟು ನಿಂತಿದ್ದರಿಂದ ಪಕ್ಕದ ಮೇಜಿನ ವಿಂಡೋಸ್ 10 ಯಂತ್ರಕ್ಕೆ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟು ಲಾಗಿನ್ ಆದರು. ಡೆಸ್ಕ್‌ಟಾಪ್ ಬರಿದಾಗಿತ್ತು. ಆರು ವರ್ಷಗಳ ಪ್ರಶ್ನೆಪತ್ರಿಕೆಗಳು, ಅಂಕಪಟ್ಟಿಗಳು ಒಂದೂ ಕಾಣಲಿಲ್ಲ. ಅವರು ಗಾಬರಿಯಾಗಿ ಫೋನ್ ಮಾಡಿದಾಗ ನಾನು ಸರ್ವರಿನ ಪ್ರೊಫೈಲ್ ಫೋಲ್ಡರನ್ನು, ಅಂದರೆ ಪ್ರತಿ ಬಳಕೆದಾರರ ಕಡತ ಮತ್ತು ಸೆಟ್ಟಿಂಗುಗಳ ನಕಲು ಇರುವ ಜಾಗವನ್ನು, ತೆರೆದು ನೋಡಿದೆ: ‘ಪರೀಕ್ಷೆ02.ವಿ2’ ಎಂಬ ಫೋಲ್ಡರ್ ಇದ್ದಂತೆಯೇ ಇತ್ತು, ಅದರ ಕೆಳಗೆ ಹತ್ತು ನಿಮಿಷದ ಹಿಂದೆ ಹುಟ್ಟಿದ ‘ಪರೀಕ್ಷೆ02.ವಿ6’ ಎಂಬ ಇನ್ನೊಂದು ಫೋಲ್ಡರ್ ಕೂತಿತ್ತು. ಯಾವುದೂ ಕಳೆದುಹೋಗಿರಲಿಲ್ಲ, ಎರಡು ಯಂತ್ರಗಳು ಎರಡು ಬೇರೆ ಮನೆಗಳ ಬಾಗಿಲು ತಟ್ಟಿದ್ದವು, ಅಷ್ಟೆ.

ಇಂಥ ಮಿಶ್ರ ಜಾಲವನ್ನು ಹೇಗೆ ಕಟ್ಟಿದರೆ ಬಳಕೆದಾರರಿಗೆ ಯಾವ ಯಂತ್ರದಲ್ಲಿ ಕುಳಿತರೂ ತಮ್ಮ ಕಡತಗಳು ಸಿಗುತ್ತವೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಬೇರೆ ಬೇರೆ ಆವೃತ್ತಿಯ ವಿಂಡೋಸ್‌ಗಳ ನಡುವೆ ಪ್ರೊಫೈಲನ್ನೇ ಹಂಚಿಕೊಳ್ಳಲು ಹೋಗಬಾರದು. ಹಂಚಿಕೊಳ್ಳಬೇಕಾದದ್ದು ಕಡತಗಳನ್ನು, ಸೆಟ್ಟಿಂಗುಗಳನ್ನು ಆಯಾ ಆವೃತ್ತಿಗೆ ಬಿಟ್ಟುಕೊಡಬೇಕು. ಮುಂದಿನ ಎಲ್ಲ ಹಂತಗಳೂ ಈ ಒಂದು ನಿರ್ಧಾರದಿಂದಲೇ ಹೊರಡುತ್ತವೆ. ಈ ಬರಹದಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿರುವ ಪಾಲಿಸಿ, ಫೋಲ್ಡರ್ ಮತ್ತು ಕೀಲಿಗಳ ಹೆಸರುಗಳನ್ನು ಪರದೆಯ ಮೇಲೆ ಇಂಗ್ಲಿಷಿನಲ್ಲಿಯೇ ಹುಡುಕಬೇಕು, ಇಂಗ್ಲಿಷಿನಲ್ಲಿಯೇ ಟೈಪ್ ಮಾಡಬೇಕು.

ವಿ2, ವಿ6 ಎಂಬ ಬಾಲ ಎಲ್ಲಿಂದ ಬರುತ್ತದೆ

ಬಳಕೆದಾರರ ಪ್ರೊಫೈಲ್ ಎಂದರೆ ಅವರ ಕಡತಗಳಿರುವ ಫೋಲ್ಡರುಗಳು ಮತ್ತು ಅವರ ರಿಜಿಸ್ಟ್ರಿಯನ್ನು (ವಿಂಡೋಸ್ ಸೆಟ್ಟಿಂಗುಗಳ ದಾಸ್ತಾನನ್ನು) ಹಿಡಿದಿಟ್ಟಿರುವ ‘ಎನ್‌ಟಿಯೂಸರ್.ಡ್ಯಾಟ್’ ಎಂಬ ಫೈಲ್, ಎರಡೂ ಸೇರಿ. ರೋಮಿಂಗ್ ಪ್ರೊಫೈಲಿನಲ್ಲಿ ಲಾಗಿನ್ ಆಗುವಾಗ ಇವು ಸರ್ವರಿನಿಂದ ಯಂತ್ರಕ್ಕೆ ಇಳಿದು ಬರುತ್ತವೆ, ಲಾಗಾಫ್ ಆಗುವಾಗ ಬದಲಾದ ಫೈಲುಗಳು ಸರ್ವರಿಗೆ ಹಿಂದಿರುಗುತ್ತವೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಇದು ‘ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್’ ಎಂಬ ಫೋಲ್ಡರಿನೊಳಗೆ ಇರುತ್ತಿತ್ತು. ವಿಸ್ತಾದಲ್ಲಿ ಮೈಕ್ರೋಸಾಫ್ಟ್ ಈ ವಿನ್ಯಾಸವನ್ನೇ ಬದಲಿಸಿ ‘ಯೂಸರ್ಸ್’ ಫೋಲ್ಡರನ್ನೂ ಅದರೊಳಗೆ ಲೋಕಲ್, ಲೋಕಲ್‌ಲೋ, ರೋಮಿಂಗ್ ಎಂಬ ಮೂರು ಕೋಣೆಗಳ ‘ಆಪ್‌ಡೇಟಾ’ವನ್ನೂ ತಂದಿತು. ಇವುಗಳಲ್ಲಿ ರೋಮಿಂಗ್ ಎಂಬುದು ಮಾತ್ರ ಸರ್ವರಿಗೆ ಹೋಗುತ್ತದೆ. ಲೋಕಲ್ ಮತ್ತು ಲೋಕಲ್‌ಲೋ ಯಂತ್ರದಲ್ಲಿಯೇ ಉಳಿಯುತ್ತವೆ. ಈ ಭೇದವನ್ನು ನೆನಪಿಟ್ಟುಕೊಂಡರೆ ಮುಂದೆ ಬರುವ ಅರ್ಧ ಸಮಸ್ಯೆಗಳ ಕಾರಣ ತಾನಾಗಿ ತಿಳಿಯುತ್ತದೆ.

ಹಳೆಯ ಮತ್ತು ಹೊಸ ವಿನ್ಯಾಸಗಳು ಒಂದರ ಮೇಲೊಂದು ಬರೆಯದಂತೆ ತಡೆಯಲು ಫೋಲ್ಡರಿನ ಹೆಸರಿಗೆ ಆವೃತ್ತಿಯ ಬಾಲವನ್ನು ಜೋಡಿಸುವ ಪದ್ಧತಿ ಬಂತು. ಎಕ್ಸ್‌ಪಿ ಮತ್ತು ಸರ್ವರ್ 2003ಕ್ಕೆ ಬಾಲವಿಲ್ಲ. ವಿಸ್ತಾ, ವಿಂಡೋಸ್ 7, ಸರ್ವರ್ 2008 ಮತ್ತು 2008 ಆರ್2ಗೆ ವಿ2. ವಿಂಡೋಸ್ 8 ಮತ್ತು ಸರ್ವರ್ 2012ಕ್ಕೆ ವಿ3, ವಿಂಡೋಸ್ 8.1 ಮತ್ತು ಸರ್ವರ್ 2012 ಆರ್2ಗೆ ವಿ4 (ಹಂತ 1ರಲ್ಲಿ ಹೇಳುವ ಬದಲಾವಣೆ ಮಾಡಿದ ಮೇಲೆ). ವಿಂಡೋಸ್ 10ರ ಮೊದಲ ಎರಡು ಬಿಡುಗಡೆಗಳಾದ 1507 ಮತ್ತು 1511ಕ್ಕೆ ವಿ5. ವಿಂಡೋಸ್ 10ರ 1607ರಿಂದ ಈಚಿನ ಎಲ್ಲಕ್ಕೂ, ವಿಂಡೋಸ್ 11 ಮತ್ತು ಸರ್ವರ್ 2016, 2019, 2022ಕ್ಕೂ ವಿ6.

ಈ ಬಾಲವನ್ನು ಅಂಟಿಸುವುದು ಸರ್ವರ್ ಅಲ್ಲ, ಲಾಗಿನ್ ಆಗುತ್ತಿರುವ ಯಂತ್ರ. ಆದ್ದರಿಂದ ಸರ್ವರ್ ಯಾವ ಆವೃತ್ತಿಯದು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಲಿನಕ್ಸ್ ಮೇಲೆ ಸಾಂಬಾ (ವಿಂಡೋಸ್ ಯಂತ್ರಗಳಿಗೆ ಫೋಲ್ಡರ್ ಹಂಚುವ ತಂತ್ರಾಂಶ) ಓಡಿಸಿದರೂ ವಿ2, ವಿ6 ಫೋಲ್ಡರುಗಳು ಹೀಗೆಯೇ ಹುಟ್ಟುತ್ತವೆ.

‘ವಿ2 ಫೋಲ್ಡರಿನ ಹೆಸರನ್ನು ವಿ6 ಎಂದು ಬದಲಾಯಿಸಿಬಿಟ್ಟರೆ ಆಯಿತಲ್ಲ’ ಎಂಬ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ನನಗೂ ಹೊಳೆದಿತ್ತು, ಒಂದು ಖಾತೆಯ ಮೇಲೆ ಪ್ರಯೋಗಿಸಿಯೂ ನೋಡಿದೆ. ಡೆಸ್ಕ್‌ಟಾಪ್ ಬಂತು, ಕಡತಗಳೂ ಬಂದವು. ಆದರೆ ಸ್ಟಾರ್ಟ್ ಮೆನು ಒತ್ತಿದರೆ ತೆರೆಯಲಿಲ್ಲ, ಸೆಟ್ಟಿಂಗ್ಸ್ ಆಪ್ ಒಂದು ಕ್ಷಣ ಮಿಂಚಿ ಮಾಯವಾಯಿತು. ವಿಂಡೋಸ್ 7 ಬರೆದ ರಿಜಿಸ್ಟ್ರಿಯನ್ನು ಹೊಸ ಆವೃತ್ತಿ ತನ್ನದೆಂದು ನಂಬಿ ಓದಲು ಹೊರಟರೆ ಎತ್ತು ಏರಿಗೆ ಎಳೆದಂತೆ, ಕೋಣ ನೀರಿಗೆ ಎಳೆದಂತೆ ಆಗುತ್ತದೆ. ಹೆಸರು ಬದಲಾಯಿಸುವ ದಾರಿಯನ್ನು ಹಿಡಿಯಬೇಡಿ.

ಹಂತ 1: ಯಾವ ಯಂತ್ರ ಯಾವ ಆವೃತ್ತಿ, ಪಟ್ಟಿ ಮಾಡಿ

ಪ್ರತಿ ಯಂತ್ರದಲ್ಲಿ ‘ವಿನ್‌ವರ್’ ಎಂದು ಟೈಪ್ ಮಾಡಿ ಬಿಲ್ಡ್ ಸಂಖ್ಯೆಯನ್ನು ಬರೆದುಕೊಳ್ಳಿ. ಬರೀ ‘ವಿಂಡೋಸ್ 10’ ಎಂದು ಬರೆದುಕೊಂಡರೆ ಸಾಲದು, ಏಕೆಂದರೆ 1511ರಲ್ಲಿಯೇ ನಿಂತುಹೋದ ಒಂದು ಹಳೆಯ ಯಂತ್ರ ವಿ5 ಫೋಲ್ಡರನ್ನು ಹುಟ್ಟಿಸಿ ಗೊಂದಲ ಮಾಡುತ್ತದೆ. ಹೋಮ್ ಎಡಿಷನ್ ಇರುವ ಯಂತ್ರಗಳು ಡೊಮೇನಿಗೆ (ಸರ್ವರಿನಿಂದ ಒಟ್ಟಿಗೆ ನಿರ್ವಹಿಸುವ ಯಂತ್ರ ಮತ್ತು ಖಾತೆಗಳ ಗುಂಪಿಗೆ) ಸೇರಲಾರವು, ಆದ್ದರಿಂದ ಅವುಗಳಿಗೆ ರೋಮಿಂಗ್ ಪ್ರೊಫೈಲ್ ಇಲ್ಲ.

ಎಕ್ಸ್‌ಪಿ ಯಂತ್ರ ಇನ್ನೂ ಉಳಿದಿದ್ದರೆ ಅದನ್ನು ಈ ಯೋಜನೆಯಿಂದ ಹೊರಗಿಡಿ. ಜಾಲದಲ್ಲಿ ಕಡತ ಹಂಚಿಕೊಳ್ಳಲು ಅದಕ್ಕೆ ಎಸ್‌ಎಂಬಿ 1 ಎಂಬ ಹಳೆಯ, ಅಸುರಕ್ಷಿತ ಭಾಷೆ ಬಿಟ್ಟು ಬೇರೆ ಬಾರದು, ಹೊಸ ಸರ್ವರುಗಳು ಎಸ್‌ಎಂಬಿ 1ನ್ನು ತಾವಾಗಿ ಅಳವಡಿಸಿಕೊಳ್ಳುವುದಿಲ್ಲ. ಒಂದು ಯಂತ್ರಕ್ಕಾಗಿ ಇಡೀ ಸರ್ವರಿನ ಬಾಗಿಲನ್ನು ತೆರೆದಿಡುವುದು ವಿವೇಕವಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೂ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೂ ಮುಗಿದಿದೆ. ಆದರೂ ಹಳೆಯ ಪ್ರಿಂಟರ್, ಹಳೆಯ ಲೆಕ್ಕಪತ್ರದ ತಂತ್ರಾಂಶ ಎಂದು ಒಂದೆರಡು ವಿಂಡೋಸ್ 7 ಯಂತ್ರಗಳು ಪ್ರತಿ ಕಚೇರಿಯಲ್ಲೂ ಉಸಿರಾಡುತ್ತಿರುತ್ತವೆ ಎಂಬುದನ್ನು ಒಪ್ಪಿಕೊಂಡೇ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ.

ವಿಂಡೋಸ್ 8 ಅಥವಾ 8.1 ಯಂತ್ರಗಳಿದ್ದರೆ ಒಂದು ಹೆಚ್ಚಿನ ಕೆಲಸವಿದೆ. ಇವು ತಾವಾಗಿ ವಿ3, ವಿ4 ಎಂದು ಬರೆಯದೆ ವಿಂಡೋಸ್ 7ರ ವಿ2 ಫೋಲ್ಡರಿಗೇ ಕೈಹಾಕಿ ಅದನ್ನು ಕೆಡಿಸುತ್ತವೆ. ಮೈಕ್ರೋಸಾಫ್ಟಿನ ಸಂಬಂಧಪಟ್ಟ ಅಪ್‌ಡೇಟನ್ನು ಹಾಕಿ, ರಿಜಿಸ್ಟ್ರಿಯಲ್ಲಿ ‘ಪ್ರಾಫ್‌ಎಸ್‌ವಿಸಿ’ ಸೇವೆಯ ‘ಪ್ಯಾರಾಮೀಟರ್ಸ್’ ಕೀಲಿಯ ಕೆಳಗೆ ‘ಯೂಸ್‌ಪ್ರೊಫೈಲ್‌ಪಾತ್‌ಎಕ್ಸ್‌ಟೆನ್ಷನ್‌ವರ್ಷನ್’ ಎಂಬ ಡಿವರ್ಡ್ (ಸಂಖ್ಯಾ ರೂಪದ) ಮೌಲ್ಯವನ್ನು 1 ಎಂದು ಇಟ್ಟು, ಯಂತ್ರವನ್ನು ರೀಸ್ಟಾರ್ಟ್ ಮಾಡಬೇಕು. ಯಾರೂ ಲಾಗಿನ್ ಆಗುವ ಮೊದಲೇ ಇದು ಆಗಿರಬೇಕು.

ಹಂತ 2: ಸರ್ವರಿನಲ್ಲಿ ಎರಡು ಶೇರ್

ಶೇರ್ ಎಂದರೆ ಜಾಲದಲ್ಲಿ ಹಂಚಿಟ್ಟ ಫೋಲ್ಡರ್. ಒಂದು ಪ್ರೊಫೈಲುಗಳಿಗೆ, ಇನ್ನೊಂದು ಕಡತಗಳಿಗೆ. ಎರಡನ್ನೂ ಒಂದೇ ಶೇರಿನಲ್ಲಿ ಇಡಬೇಡಿ, ಏಕೆಂದರೆ ಪ್ರೊಫೈಲ್ ಶೇರಿನಲ್ಲಿ ಆಫ್‌ಲೈನ್ ಕ್ಯಾಶಿಂಗನ್ನು (ಜಾಲವಿಲ್ಲದಾಗಲೂ ಸಿಗುವಂತೆ ಯಂತ್ರದಲ್ಲಿ ನಕಲು ಇಡುವುದನ್ನು) ಪೂರ್ತಿ ಮುಚ್ಚಬೇಕು, ಕಡತಗಳ ಶೇರಿನಲ್ಲಿ ಲ್ಯಾಪ್‌ಟಾಪ್ ಬಳಸುವವರಿಗಾಗಿ ಅದು ಬೇಕಾಗಬಹುದು. ನಾನು ಇಟ್ಟ ಹೆಸರುಗಳು ‘ಪ್ರೊಫೈಲ್ಸ್$’ ಮತ್ತು ‘ಕಡತ$’. ಕೊನೆಯ ಡಾಲರ್ ಚಿಹ್ನೆಯಿಂದಾಗಿ ನೆಟ್‌ವರ್ಕ್ ಪಟ್ಟಿಯಲ್ಲಿ ಅವು ಕಾಣಿಸುವುದಿಲ್ಲ.

ಅನುಮತಿಗಳಲ್ಲಿ ತಪ್ಪಿದರೆ ಮುಂದಿನದೆಲ್ಲವೂ ತಪ್ಪುತ್ತದೆ, ಹಾಗಾಗಿ ಇಲ್ಲಿ ನಿಧಾನವಾಗಿ ಹೋಗೋಣ. ಮೊದಲು ಫೋಲ್ಡರಿನ ಆನುವಂಶಿಕ (ಮೇಲಿನ ಫೋಲ್ಡರಿನಿಂದ ಇಳಿದುಬರುವ) ಅನುಮತಿಯನ್ನು ಕತ್ತರಿಸಿ. ನಂತರ ಸಿಸ್ಟಂಗೆ (ವಿಂಡೋಸ್‌ನ ಸ್ವಂತ ಖಾತೆಗೆ) ಎಲ್ಲದರ ಮೇಲೆ ಪೂರ್ಣ ಹಕ್ಕು; ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೆ ‘ಈ ಫೋಲ್ಡರ್ ಮಾತ್ರ’ ಎಂಬ ಮಿತಿಯೊಂದಿಗೆ ಪೂರ್ಣ ಹಕ್ಕು; ಕ್ರಿಯೇಟರ್ ಓನರ್‌ಗೆ (ಹುಟ್ಟಿಸಿದವರಿಗೆ) ‘ಒಳಫೋಲ್ಡರುಗಳು ಮತ್ತು ಫೈಲುಗಳು ಮಾತ್ರ’ ಎಂಬ ಮಿತಿಯೊಂದಿಗೆ ಪೂರ್ಣ ಹಕ್ಕು ಕೊಡಿ. ರೋಮಿಂಗ್ ಬಳಸುವ ಸಿಬ್ಬಂದಿಯನ್ನೆಲ್ಲ ಒಂದು ಗುಂಪಿಗೆ ಸೇರಿಸಿ, ಆ ಗುಂಪಿಗೆ ‘ಈ ಫೋಲ್ಡರ್ ಮಾತ್ರ’ ಎಂಬ ಮಿತಿಯಲ್ಲಿ ಎರಡೇ ಹಕ್ಕು ಕೊಡಿ: ಫೋಲ್ಡರಿನ ಪಟ್ಟಿ ನೋಡುವುದು ಮತ್ತು ಹೊಸ ಫೋಲ್ಡರ್ ಹುಟ್ಟಿಸುವುದು. ಶೇರ್ ಮಟ್ಟದಲ್ಲಿ ಆ ಗುಂಪಿಗೆ ಪೂರ್ಣ ಹಕ್ಕು ಇರಲಿ. ಹೀಗೆ ಮಾಡಿದಾಗ ಪ್ರತಿಯೊಬ್ಬರೂ ಮೊದಲ ಲಾಗಿನ್‌ನಲ್ಲಿ ತಮ್ಮ ಫೋಲ್ಡರನ್ನು ತಾವೇ ಹುಟ್ಟಿಸಿಕೊಂಡು ಅದರ ಒಡೆಯರಾಗುತ್ತಾರೆ, ಪಕ್ಕದವರ ಫೋಲ್ಡರ್ ಅವರಿಗೆ ತೆರೆಯುವುದಿಲ್ಲ.

ಹೊಸ ಬಳಕೆದಾರರಿಗಾಗಿ ‘ವಿ6’ ಫೋಲ್ಡರನ್ನು ಮುಂಚಿತವಾಗಿ ಕೈಯಾರೆ ಮಾಡಿಟ್ಟು ಉಪಕಾರ ಮಾಡಲು ಹೋಗಬೇಡಿ. ಫೋಲ್ಡರಿನ ಒಡೆತನ ಆ ಬಳಕೆದಾರರದ್ದೋ ಅಡ್ಮಿನಿಸ್ಟ್ರೇಟರ್ಸ್ ಗುಂಪಿನದ್ದೋ ಆಗಿರದಿದ್ದರೆ ವಿಂಡೋಸ್ ಅದನ್ನು ಮುಟ್ಟದೆ ಸ್ಥಳೀಯ ಪ್ರೊಫೈಲಿನಿಂದ ಒಳಗೆ ಬಿಡುತ್ತದೆ, ಇವೆಂಟ್ ಲಾಗಿನಲ್ಲಿ (ವಿಂಡೋಸ್ ಬರೆದಿಡುವ ಘಟನೆಗಳ ದಾಖಲೆಯಲ್ಲಿ) 1526 ಎಂಬ ಸಂಖ್ಯೆ ಬೀಳುತ್ತದೆ.

ಈ ವ್ಯವಸ್ಥೆಯಲ್ಲಿ ಅಡ್ಮಿನ್‌ಗಳಿಗೂ ಒಳಫೋಲ್ಡರುಗಳು ತೆರೆಯುವುದಿಲ್ಲ. ಬ್ಯಾಕಪ್ ಮತ್ತು ದುರಸ್ತಿಗೆ ಅದು ಬೇಕೆನಿಸಿದರೆ ಗ್ರೂಪ್ ಪಾಲಿಸಿಯ (ಹಲವು ಯಂತ್ರಗಳಿಗೆ ಒಮ್ಮೆಗೇ ಸೆಟ್ಟಿಂಗ್ ಹಾಕುವ ವ್ಯವಸ್ಥೆಯ) ಕಂಪ್ಯೂಟರ್ ಕಾನ್ಫಿಗರೇಷನ್‌ನಲ್ಲಿ ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಸಿಸ್ಟಂ, ಯೂಸರ್ ಪ್ರೊಫೈಲ್ಸ್ ಎಂಬ ದಾರಿಯಲ್ಲಿ ‘ಆ್ಯಡ್ ದ ಅಡ್ಮಿನಿಸ್ಟ್ರೇಟರ್ಸ್ ಸೆಕ್ಯುರಿಟಿ ಗ್ರೂಪ್ ಟು ರೋಮಿಂಗ್ ಯೂಸರ್ ಪ್ರೊಫೈಲ್ಸ್’ ಎಂಬುದನ್ನು ಚಾಲೂ ಮಾಡಿ. ಇದು ಬಳಕೆದಾರರು ಕೂರುವ ಯಂತ್ರಗಳಿಗೆ ಅನ್ವಯವಾಗಬೇಕು, ಸರ್ವರಿಗಲ್ಲ. ಅದೂ ಫೋಲ್ಡರ್ ಹುಟ್ಟುವ ಮೊದಲು. ಆಮೇಲೆ ಹಾಕಿದರೆ ಹಳೆಯ ಫೋಲ್ಡರುಗಳಿಗೆ ಅದು ತಗುಲುವುದಿಲ್ಲ.

ಸಾಂಬಾ ಬಳಸುವವರು ಪ್ರೊಫೈಲ್ ಶೇರಿನ ವಿಭಾಗದಲ್ಲಿ ‘ಸಿಎಸ್‌ಸಿ ಪಾಲಿಸಿ’ಯನ್ನು ‘ಡಿಸೇಬಲ್’ ಎಂದು ಬರೆದು ಆಫ್‌ಲೈನ್ ಕ್ಯಾಶಿಂಗ್ ಮುಚ್ಚಬಹುದು.

ಹಂತ 3: ದಾರಿ ತೋರಿಸುವುದು

ಆ್ಯಕ್ಟಿವ್ ಡೈರೆಕ್ಟರಿಯಲ್ಲಿ (ಡೊಮೇನಿನ ಖಾತೆಗಳ ಕೋಶದಲ್ಲಿ) ಬಳಕೆದಾರರ ಖಾತೆಯನ್ನು ತೆರೆದು ಪ್ರೊಫೈಲ್ ಟ್ಯಾಬಿನ ಪ್ರೊಫೈಲ್ ಪಾತ್ ಎಂಬಲ್ಲಿ ‘\\ಸರ್ವರ್\ಪ್ರೊಫೈಲ್ಸ್$\%ಯೂಸರ್‌ನೇಮ್%’ ಎಂದು ಬರೆಯಿರಿ. ವಿ2, ವಿ6 ಎಂಬ ಬಾಲವನ್ನು ನೀವು ಬರೆಯಬಾರದು. ಬರೆದರೆ ಯಂತ್ರ ಅದರ ಹಿಂದೆ ಇನ್ನೊಂದು ಬಾಲ ಸೇರಿಸಿ ‘ಪರೀಕ್ಷೆ02.ವಿ6.ವಿ6’ ಎಂಬ ವಿಚಿತ್ರ ಫೋಲ್ಡರನ್ನು ಹುಟ್ಟಿಸುತ್ತದೆ. ಹಲವು ಖಾತೆಗಳನ್ನು ಒಟ್ಟಿಗೆ ಆಯ್ದುಕೊಂಡು ಒಮ್ಮೆಗೇ ಈ ದಾರಿಯನ್ನು ಕೊಡಬಹುದು. ಹೆಸರಿನ ಜಾಗದಲ್ಲಿ ಆಯಾ ಬಳಕೆದಾರರ ಹೆಸರು ತಾನಾಗಿ ತುಂಬಿಕೊಳ್ಳುತ್ತದೆ.

ಒಂದು ಪ್ರಯೋಗ ಖಾತೆಯಿಂದ ವಿಂಡೋಸ್ 7 ಮತ್ತು 10 ಎರಡರಲ್ಲೂ ಲಾಗಿನ್ ಆಗಿ, ಲಾಗಾಫ್ ಆಗಿ. ಸರ್ವರಿನಲ್ಲಿ ಎರಡು ಫೋಲ್ಡರ್ ಕಾಣಿಸಬೇಕು. ಯಂತ್ರದಲ್ಲಿ ಸಿಸ್ಟಂ ಪ್ರಾಪರ್ಟೀಸ್‌ನ ಅಡ್ವಾನ್ಸ್‌ಡ್ ಟ್ಯಾಬಿನಲ್ಲಿ ಯೂಸರ್ ಪ್ರೊಫೈಲ್ಸ್ ತೆರೆದರೆ ಟೈಪ್ ಮತ್ತು ಸ್ಟೇಟಸ್ ಎರಡೂ ‘ರೋಮಿಂಗ್’ ಎಂದೇ ಇರಬೇಕು. ಟೈಪ್ ರೋಮಿಂಗ್ ಎಂದಿದ್ದು ಸ್ಟೇಟಸ್ ಲೋಕಲ್ ಎಂದಿದ್ದರೆ ಸರ್ವರನ್ನು ತಲುಪುವಲ್ಲಿ ಏನೋ ತಡೆಯಾಗಿದೆ ಎಂದು ತಿಳಿಯಿರಿ.

ಹಂತ 4: ಕಡತಗಳನ್ನು ಪ್ರೊಫೈಲಿನಿಂದ ಹೊರಗೆ ತೆಗೆಯುವುದು

ನಮ್ಮ ಬೆರಳಚ್ಚುಗಾರರ ಸಮಸ್ಯೆ ನಿಜವಾಗಿ ಬಗೆಹರಿದದ್ದು ಈ ಹಂತದಲ್ಲಿ. ಫೋಲ್ಡರ್ ರೀಡೈರೆಕ್ಷನ್ ಎಂಬ ವ್ಯವಸ್ಥೆ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಮುಂತಾದವನ್ನು ಪ್ರೊಫೈಲಿನಿಂದ ಬಿಡಿಸಿ ಸರ್ವರಿನ ಒಂದು ಸ್ಥಿರ ಜಾಗಕ್ಕೆ ಕಟ್ಟುತ್ತದೆ. ಆ ಜಾಗಕ್ಕೆ ಆವೃತ್ತಿಯ ಬಾಲವಿಲ್ಲ. ಆದ್ದರಿಂದ ವಿಂಡೋಸ್ 7ರಲ್ಲಿ ಉಳಿಸಿದ ಅಂಕಪಟ್ಟಿ ವಿಂಡೋಸ್ 11ರಲ್ಲಿ ಅದೇ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಕಾಣುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಕಡತಗಳು ಲಾಗಿನ್ ಆಗುವಾಗ ನಕಲಾಗಿ ಇಳಿಯುವುದಿಲ್ಲ. ತೆರೆದಾಗ ಮಾತ್ರ ಜಾಲದಲ್ಲಿ ಓಡಾಡುತ್ತವೆ.

ಅದರಿಂದ ಎಷ್ಟು ಉಳಿಯುತ್ತದೆ ಎಂಬುದಕ್ಕೆ ಒಂದು ಲೆಕ್ಕ. ಒಬ್ಬೊಬ್ಬರ ಪ್ರೊಫೈಲ್ 1.2 ಜಿಬಿ ಇದ್ದು, ದಸರಾ ರಜೆ ಮುಗಿದ ಮಾರನೆಯ ಬೆಳಿಗ್ಗೆ 40 ಜನ ಒಟ್ಟಿಗೆ ಲಾಗಿನ್ ಆದರು ಎನ್ನಿ. ಯಂತ್ರಗಳಲ್ಲಿ ಹಳೆಯ ನಕಲು ಇಲ್ಲದಿದ್ದರೆ ಸರ್ವರ್ 48 ಜಿಬಿ ಸಾಗಿಸಬೇಕು. ಸರ್ವರಿನ ಒಂದು ಗಿಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 125 ಎಂಬಿ ಹೋಗುತ್ತದೆ. ಅಂದರೆ ಕಾಗದದ ಲೆಕ್ಕದಲ್ಲಿಯೇ ಆರು ನಿಮಿಷಕ್ಕೂ ಹೆಚ್ಚು. ಸಾವಿರಾರು ಚಿಕ್ಕ ಫೈಲುಗಳಿರುವಾಗ ವಾಸ್ತವದಲ್ಲಿ ಇದರ ಹಲವು ಪಟ್ಟು. ಅಷ್ಟರಲ್ಲಿ ಎಲ್ಲರೂ ಕಾಫಿಗೆ ಹೊರಟಿರುತ್ತಾರೆ. ಕಡತಗಳನ್ನು ಹೊರಗೆ ತೆಗೆದ ಮೇಲೆ ನಮ್ಮಲ್ಲಿ ಹೆಚ್ಚಿನವರ ಪ್ರೊಫೈಲ್ 100 ಎಂಬಿಯ ಆಸುಪಾಸಿಗೆ ಇಳಿಯಿತು.

ಗ್ರೂಪ್ ಪಾಲಿಸಿಯಲ್ಲಿ ಯೂಸರ್ ಕಾನ್ಫಿಗರೇಷನ್, ಪಾಲಿಸೀಸ್, ವಿಂಡೋಸ್ ಸೆಟ್ಟಿಂಗ್ಸ್, ಫೋಲ್ಡರ್ ರೀಡೈರೆಕ್ಷನ್ ಎಂಬ ದಾರಿಯಲ್ಲಿ ಹೋಗಿ ಡಾಕ್ಯುಮೆಂಟ್ಸ್ ಮೇಲೆ ಬಲಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ‘ಬೇಸಿಕ್’ ಆಯ್ದು, ‘ಮೂಲ ದಾರಿಯ ಕೆಳಗೆ ಪ್ರತಿ ಬಳಕೆದಾರರಿಗೂ ಒಂದು ಫೋಲ್ಡರ್’ ಎಂಬ ಅರ್ಥದ ಆಯ್ಕೆಯನ್ನು ಇಟ್ಟು, ಮೂಲ ದಾರಿಯಾಗಿ ‘\\ಸರ್ವರ್\ಕಡತ$’ ಕೊಡಿ. ಸೆಟ್ಟಿಂಗ್ಸ್ ಟ್ಯಾಬಿನಲ್ಲಿ ಬಳಕೆದಾರರಿಗೆ ಮಾತ್ರ ಪೂರ್ಣ ಹಕ್ಕು ಕೊಡುವ ಗುರುತನ್ನು ನಾನು ತೆಗೆದುಬಿಡುತ್ತೇನೆ. ಇಲ್ಲದಿದ್ದರೆ ಬ್ಯಾಕಪ್ ಪರೀಕ್ಷಿಸುವಾಗ ಅಡ್ಮಿನ್ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಹಳೆಯ ಕಡತಗಳನ್ನು ಹೊಸ ಜಾಗಕ್ಕೆ ಸಾಗಿಸುವ ಗುರುತನ್ನು ಇಡಿ. ಪಾಲಿಸಿಯನ್ನು ಮುಂದೆ ತೆಗೆದರೆ ಕಡತಗಳು ಸರ್ವರಿನಲ್ಲೇ ಉಳಿಯಬೇಕೋ ಯಂತ್ರಕ್ಕೆ ಮರಳಬೇಕೋ ಎಂಬ ಪ್ರಶ್ನೆಗೆ ‘ಉಳಿಯಲಿ’ ಎಂಬ ಉತ್ತರವೇ ಕ್ಷೇಮ.

ಡೆಸ್ಕ್‌ಟಾಪ್ ಮತ್ತು ಫೇವರಿಟ್ಸ್‌ಗೂ ಇದನ್ನೇ ಮಾಡಿ. ಪಿಕ್ಚರ್ಸ್, ಮ್ಯೂಸಿಕ್, ವಿಡಿಯೋಸ್ ಮೂರೂ ಡಾಕ್ಯುಮೆಂಟ್ಸ್ ಫೋಲ್ಡರನ್ನು ಹಿಂಬಾಲಿಸಲಿ. ಡೆಸ್ಕ್‌ಟಾಪ್ ಹಂಚಿಕೊಂಡಾಗ ಒಂದು ಚಿಕ್ಕ ತೊಡಕು ಬರುತ್ತದೆ: ವಿಂಡೋಸ್ 7ರಲ್ಲಿ ಮಾಡಿದ ಆಫೀಸ್ 2010ರ ಶಾರ್ಟ್‌ಕಟ್ ವಿಂಡೋಸ್ 11ರಲ್ಲಿ ಬಿಳಿ ಚೌಕವಾಗಿ ಕಾಣುತ್ತದೆ, ಒತ್ತಿದರೆ ‘ಪ್ರೋಗ್ರಾಂ ಸಿಗಲಿಲ್ಲ’ ಎನ್ನುತ್ತದೆ. ಪ್ರೋಗ್ರಾಂಗಳ ಶಾರ್ಟ್‌ಕಟ್‌ಗಳನ್ನು ಪ್ರತಿ ಯಂತ್ರದ ‘ಪಬ್ಲಿಕ್ ಡೆಸ್ಕ್‌ಟಾಪ್’ ಮೇಲೆ ಇಟ್ಟು, ಸ್ವಂತ ಡೆಸ್ಕ್‌ಟಾಪಿನಲ್ಲಿ ಕಡತಗಳು ಮಾತ್ರ ಇರಲಿ ಎಂದು ಸಿಬ್ಬಂದಿಗೆ ತಿಳಿಸುವುದರಿಂದ ಇದು ಸರಿಹೋಗುತ್ತದೆ.

ಸ್ಟಾರ್ಟ್ ಮೆನು ಮತ್ತು ಆಪ್‌ಡೇಟಾದ ರೋಮಿಂಗ್ ಫೋಲ್ಡರನ್ನು ಮಾತ್ರ ರೀಡೈರೆಕ್ಟ್ ಮಾಡಬೇಡಿ. ಇವೆರಡೂ ಪಟ್ಟಿಯಲ್ಲಿ ಇರುತ್ತವೆ, ಮಾಡಲು ಬರುತ್ತದೆ. ಆದರೆ ಎರಡು ಆವೃತ್ತಿಗಳ ತಂತ್ರಾಂಶಗಳು ಒಂದೇ ಸೆಟ್ಟಿಂಗ್ ಫೈಲನ್ನು ಜಗ್ಗಾಡುವ ಅದೇ ಹಳೆಯ ಕಾಟ ಹಿಂಬಾಗಿಲಿನಿಂದ ಒಳಗೆ ಬರುತ್ತದೆ.

ಔಟ್‌ಲುಕ್ ಬಳಸುವವರಿದ್ದರೆ ಪಿಎಸ್‌ಟಿ ಫೈಲುಗಳನ್ನು (ಮೇಲ್‌ಗಳನ್ನು ಉಳಿಸಿಡುವ ಫೈಲುಗಳನ್ನು) ಮೊದಲೇ ವಿಚಾರಿಸಿ. ಔಟ್‌ಲುಕ್ 2010ರಿಂದ ಈಚೆಗೆ ಅವು ಡಾಕ್ಯುಮೆಂಟ್ಸ್ ಒಳಗೇ ಹುಟ್ಟುತ್ತವೆ, ರೀಡೈರೆಕ್ಟ್ ಆದೊಡನೆ ಜಾಲದ ಮೇಲಿಂದ ತೆರೆದುಕೊಳ್ಳುತ್ತವೆ, ಹಾಗಾಗಿ ಕೆಡುವ ಅಪಾಯವಿದೆ. ಅವನ್ನು ಯಂತ್ರದ ಸ್ಥಳೀಯ ಡಿಸ್ಕಿನಲ್ಲಿ ಬೇರೆ ಫೋಲ್ಡರಿಗೆ ಸಾಗಿಸಿ ಪ್ರತ್ಯೇಕವಾಗಿ ಬ್ಯಾಕಪ್ ಮಾಡಿ.

ರೀಡೈರೆಕ್ಟ್ ಆದ ಫೋಲ್ಡರುಗಳನ್ನು ವಿಂಡೋಸ್ ತಾನಾಗಿಯೇ ಆಫ್‌ಲೈನ್‌ಗೂ ಇಳಿಸಿಕೊಳ್ಳುತ್ತದೆ. ಲ್ಯಾಪ್‌ಟಾಪಿಗೆ ಇದು ವರ, ಹತ್ತಾರು ಜನ ಸರದಿಯಲ್ಲಿ ಕೂರುವ ಪ್ರಯೋಗಾಲಯದ ಯಂತ್ರಕ್ಕೆ ಶಾಪ. ಪ್ರಯೋಗಾಲಯಕ್ಕೆ ‘ಡು ನಾಟ್ ಆಟೋಮ್ಯಾಟಿಕಲಿ ಮೇಕ್ ಆಲ್ ರೀಡೈರೆಕ್ಟೆಡ್ ಫೋಲ್ಡರ್ಸ್ ಅವೈಲಬಲ್ ಆಫ್‌ಲೈನ್’ ಎಂಬ ಪಾಲಿಸಿಯನ್ನು ಚಾಲೂ ಮಾಡಿ.

ಹಂತ 5: ಉಳಿದ ಪ್ರೊಫೈಲನ್ನು ತೆಳ್ಳಗೆ ಮಾಡುವುದು

‘ಎಕ್ಸ್‌ಕ್ಲೂಡ್ ಡೈರೆಕ್ಟರೀಸ್ ಇನ್ ರೋಮಿಂಗ್ ಪ್ರೊಫೈಲ್’ ಎಂಬ ಪಾಲಿಸಿ ಯೂಸರ್ ಕಾನ್ಫಿಗರೇಷನ್‌ನಲ್ಲಿದೆ. ಅದರಲ್ಲಿ ಡೌನ್‌ಲೋಡ್ಸ್, ಒನ್‌ಡ್ರೈವ್ ಮತ್ತು ಆಪ್‌ಡೇಟಾದ ರೋಮಿಂಗ್ ಒಳಗೆ ಕೂತು ಉಬ್ಬುವ ಹಳೆಯ ಟೀಮ್ಸ್ ಫೋಲ್ಡರನ್ನು ಅರ್ಧವಿರಾಮ ಚಿಹ್ನೆಯಿಂದ ಬೇರ್ಪಡಿಸಿ ಬರೆಯಿರಿ. ದಾರಿಗಳು ಪ್ರೊಫೈಲಿನ ಬೇರಿನಿಂದ (ಮೇಲ್ಮಟ್ಟದ ಫೋಲ್ಡರಿನಿಂದ) ಶುರುವಾಗಬೇಕು, ಡ್ರೈವ್ ಅಕ್ಷರ ಬೇಡ. ಡೌನ್‌ಲೋಡ್ಸ್ ಯಂತ್ರದಲ್ಲಿಯೇ ಉಳಿಯುತ್ತದೆ ಎಂಬುದನ್ನು ಸಿಬ್ಬಂದಿಗೆ ಬಾಯಿಬಿಟ್ಟು ಹೇಳಿ. ಏಕೆಂದರೆ ‘ಡಿಲೀಟ್ ಕ್ಯಾಶ್ಡ್ ಕಾಪೀಸ್ ಆಫ್ ರೋಮಿಂಗ್ ಪ್ರೊಫೈಲ್ಸ್’ ಎಂಬ ಪಾಲಿಸಿಯನ್ನೂ ಹಾಕಿದ್ದರೆ, ಲಾಗಾಫ್ ಆದಾಗ ಡೌನ್‌ಲೋಡ್ಸ್ ಫೋಲ್ಡರಿನ ಕಡತಗಳು ಸರ್ವರಿಗೂ ಹೋಗದೆ ಯಂತ್ರದಲ್ಲೂ ಉಳಿಯದೆ ಅಳಿಸಿಹೋಗುತ್ತವೆ. ನಾನು ಈ ಪಾಲಿಸಿಯನ್ನು ಪ್ರಯೋಗಾಲಯದಲ್ಲಿ ಮಾತ್ರ ಬಳಸುತ್ತೇನೆ, ಕಚೇರಿಯಲ್ಲಿ ಇಲ್ಲ.

ಬ್ರೌಸರ್‌ಗಳಲ್ಲಿ ಫೈರ್‌ಫಾಕ್ಸಿನ ಪ್ರೊಫೈಲ್ ರೋಮಿಂಗ್ ಒಳಗಿದೆ, ಹಾಗಾಗಿ ಬಳಕೆದಾರರೊಡನೆ ಓಡಾಡುತ್ತದೆ. ಕ್ರೋಮಿನದು ಲೋಕಲ್ ಒಳಗಿದೆ, ಓಡಾಡುವುದಿಲ್ಲ.

ವಿಂಡೋಸ್ 10 ಮತ್ತು 11: ಒಂದೇ ವಿ6, ಆದರೂ ಎರಡು ಸ್ವಭಾವ

ಈ ಎರಡೂ ಒಂದೇ ವಿ6 ಫೋಲ್ಡರನ್ನು ಹಂಚಿಕೊಳ್ಳುತ್ತವೆ, ಅಧಿಕೃತವಾಗಿ ಅದಕ್ಕೆ ಅಡ್ಡಿಯಿಲ್ಲ. ಸ್ಟಾರ್ಟ್ ಮೆನುವಿನಲ್ಲಿ ಪಿನ್ ಮಾಡಿದ್ದು ವಿಂಡೋಸ್ 11ರಲ್ಲಿ ಲೋಕಲ್ ಒಳಗೆ ಉಳಿಯುವುದರಿಂದ ಯಂತ್ರ ಬದಲಾದರೆ ಅದು ಬರುವುದಿಲ್ಲ, ಇದನ್ನು ಒಪ್ಪಿಕೊಂಡರೆ ದಿನದ ಕೆಲಸ ನಡೆಯುತ್ತದೆ. ಒಬ್ಬರೇ ದಿನಕ್ಕೆ ನಾಲ್ಕು ಬಾರಿ ಎರಡರ ನಡುವೆ ಓಡಾಡುವಲ್ಲಿ ಮಾತ್ರ ಟಾಸ್ಕ್‌ಬಾರ್ ಸೆಟ್ಟಿಂಗುಗಳು ಆಗಾಗ ತಲೆಕೆಳಗಾದದ್ದನ್ನು ಕಂಡಿದ್ದೇನೆ. ಅಂಥಲ್ಲಿ ಇವನ್ನು ಬೇರ್ಪಡಿಸಲು ಒಂದು ದಾರಿಯಿದೆ.

ವಿಂಡೋಸ್ 11 ಯಂತ್ರಗಳನ್ನೆಲ್ಲ ಒಂದು ಓಯು (ಆ್ಯಕ್ಟಿವ್ ಡೈರೆಕ್ಟರಿಯ ಒಂದು ವಿಭಾಗ) ಒಳಗೆ ಹಾಕಿ, ಆ ಓಯುಗೆ ಕಂಪ್ಯೂಟರ್ ಕಾನ್ಫಿಗರೇಷನ್‌ನ ‘ಸೆಟ್ ರೋಮಿಂಗ್ ಪ್ರೊಫೈಲ್ ಪಾತ್ ಫಾರ್ ಆಲ್ ಯೂಸರ್ಸ್ ಲಾಗಿಂಗ್ ಆನ್‌ಟು ದಿಸ್ ಕಂಪ್ಯೂಟರ್’ ಎಂಬ ಪಾಲಿಸಿಯನ್ನು ಬೇರೊಂದು ಶೇರಿನ ದಾರಿಯೊಂದಿಗೆ ಕೊಡಿ. ಯಂತ್ರಕ್ಕೆ ಕೊಟ್ಟ ಈ ದಾರಿ ಬಳಕೆದಾರರ ಖಾತೆಯಲ್ಲಿ ಬರೆದ ದಾರಿಯನ್ನು ಮೀರುತ್ತದೆ. ದಾರಿಯ ಕೊನೆಗೆ ಯೂಸರ್‌ನೇಮ್ ವೇರಿಯಬಲ್ ಇರಲೇಬೇಕು. ಮರೆತರೆ ಆ ಯಂತ್ರಕ್ಕೆ ಬಂದವರೆಲ್ಲ ಒಂದೇ ಫೋಲ್ಡರಿಗೆ ಬೀಳುತ್ತಾರೆ. ಓಯು ಬದಲು ಡಬ್ಲ್ಯುಎಂಐ ಫಿಲ್ಟರ್ (ಯಂತ್ರದ ವಿವರ ನೋಡಿ ಪಾಲಿಸಿ ಅನ್ವಯಿಸುವ ಜರಡಿ) ಬಳಸುವವರು ವರ್ಷನ್ ಸಂಖ್ಯೆಯನ್ನು ನಂಬಬಾರದು: ಎರಡೂ 10.0 ಎಂದೇ ಹೇಳಿಕೊಳ್ಳುತ್ತವೆ. ಬಿಲ್ಡ್ ಸಂಖ್ಯೆ 22000 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವಿಂಡೋಸ್ 11.

‘ಪ್ರೊಫೈಲ್ ಹಾಳಾಗಿದೆ’ ಎಂಬ ದೂರು, ನಿಜದಲ್ಲಿ ಫಾಂಟಿನ ಕಾಟ

ಕನ್ನಡದಲ್ಲಿ ಕೆಲಸ ಮಾಡುವ ಕಚೇರಿಗಳಲ್ಲಿ ಈ ಹಂತವನ್ನು ಬಿಟ್ಟರೆ ಮೇಲಿನ ಶ್ರಮವೆಲ್ಲ ವ್ಯರ್ಥವೆಂಬ ಹೆಸರು ಬರುತ್ತದೆ. ಕಡತಗಳು ಹೊಸ ಯಂತ್ರದಲ್ಲಿ ಕಾಣಿಸಿದ ಮೊದಲ ದಿನವೇ ನಮ್ಮ ಬೆರಳಚ್ಚುಗಾರರು ಮತ್ತೆ ಕರೆದರು: ಪ್ರಶ್ನೆಪತ್ರಿಕೆ ತೆರೆದರೆ ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಹಳೆಯ ಕಡತಗಳನ್ನು ಯೂನಿಕೋಡ್ ಅಲ್ಲದ ನುಡಿ ಫಾಂಟುಗಳಲ್ಲಿ ಟೈಪಿಸಲಾಗಿತ್ತು. ಆ ಫಾಂಟ್ ಹೊಸ ಯಂತ್ರದಲ್ಲಿ ಇರಲಿಲ್ಲ. ಫಾಂಟುಗಳು ಪ್ರೊಫೈಲಿನೊಡನೆ ಓಡಾಡುವುದಿಲ್ಲ. ವಿಂಡೋಸ್ 10ರ 1809ರಿಂದ ಈಚೆಗೆ ಬಳಕೆದಾರರು ಬರೀ ‘ಇನ್‌ಸ್ಟಾಲ್’ ಒತ್ತಿದರೆ ಫಾಂಟ್ ಅವರ ಆಪ್‌ಡೇಟಾದ ಲೋಕಲ್ ಒಳಗೆ ಸೇರಿಕೊಳ್ಳುತ್ತದೆ, ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ಪ್ರತಿ ಯಂತ್ರದಲ್ಲೂ ಅಡ್ಮಿನ್ ಆಗಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಎಂಬುದನ್ನೇ ಆಯ್ದು ನುಡಿ ಫಾಂಟುಗಳನ್ನು ಹಾಕಿ.

ತುಂಗಾ ಫಾಂಟಿನ ಕಥೆಯೂ ಇಂಥದ್ದೇ. ವಿಂಡೋಸ್ 7ರವರೆಗೆ ಅದು ತಾನಾಗಿ ಇರುತ್ತಿತ್ತು. ವಿಂಡೋಸ್ 10ರಿಂದ ಅದು ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಎಂಬ ಐಚ್ಛಿಕ ಭಾಗಕ್ಕೆ ಸರಿದಿದೆ, ಅದರ ಬದಲು ನಿರ್ಮಲಾ ಯುಐ ಕಾಣಿಸುತ್ತದೆ. ಸಾಲುಗಳ ಅಳತೆ ಬದಲಾಗಿ ಎರಡು ಪುಟದ ಪ್ರಶ್ನೆಪತ್ರಿಕೆ ಮೂರು ಪುಟವಾದರೆ ಆಶ್ಚರ್ಯಪಡಬೇಡಿ. ಆ ಐಚ್ಛಿಕ ಭಾಗವನ್ನು ಸೇರಿಸಿ. ಕನ್ನಡ ಕೀಬೋರ್ಡಿನ ಆಯ್ಕೆ ಬಳಕೆದಾರರ ರಿಜಿಸ್ಟ್ರಿಯಲ್ಲಿ ಇರುವುದರಿಂದ ಒಂದೇ ಆವೃತ್ತಿಯೊಳಗೆ ಓಡಾಡುತ್ತದೆ, ಆದರೆ ವಿ2ರಿಂದ ವಿ6ಕ್ಕೆ ದಾಟುವುದಿಲ್ಲ. ಹೊಸ ಆವೃತ್ತಿಯಲ್ಲಿ ಒಮ್ಮೆ ಸೇರಿಸಿಕೊಟ್ಟರೆ ಸಾಕು.

ಮಂಡ್ಯ ಶಾಖೆ

ಮಂಡ್ಯದ ಕೊಂಡಿ 20 ಎಂಬಿಪಿಎಸ್. 1.2 ಜಿಬಿಯ ಪ್ರೊಫೈಲ್ ಅದರ ಮೇಲೆ ಇಳಿಯಲು ಬೇರೆ ಯಾರೂ ಬಳಸದಿದ್ದರೂ ಎಂಟು ನಿಮಿಷ ಬೇಕು. ಇಂಥ ಶಾಖೆಯಲ್ಲಿ ಕಾಯಂ ಕೂರುವವರಿಗೆ ರೋಮಿಂಗ್ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಅವರ ಕಡತಗಳನ್ನು ಆಫ್‌ಲೈನ್ ಸೌಲಭ್ಯದೊಂದಿಗೆ ರೀಡೈರೆಕ್ಟ್ ಮಾಡಿ ಪ್ರೊಫೈಲನ್ನು ಸ್ಥಳೀಯವಾಗಿ ಬಿಡಬಹುದು. ಮೈಸೂರಿನಿಂದ ವಾರಕ್ಕೊಮ್ಮೆ ಹೋಗುವವರಿಗಾಗಿ ‘ಪ್ರೈಮರಿ ಕಂಪ್ಯೂಟರ್’ ಎಂಬ ವ್ಯವಸ್ಥೆಯಿದೆ: ಅವರ ಖಾತೆಗೆ ಮೈಸೂರಿನ ಯಂತ್ರವನ್ನು ಗುರುತು ಮಾಡಿ, ‘ಡೌನ್‌ಲೋಡ್ ರೋಮಿಂಗ್ ಪ್ರೊಫೈಲ್ಸ್ ಆನ್ ಪ್ರೈಮರಿ ಕಂಪ್ಯೂಟರ್ಸ್ ಓನ್ಲಿ’ ಚಾಲೂ ಮಾಡಿದರೆ ಮಂಡ್ಯದ ಯಂತ್ರ ಅವರ ಪ್ರೊಫೈಲನ್ನು ಎಳೆದುಕೊಳ್ಳುವುದಿಲ್ಲ. ಇದಕ್ಕೆ ವಿಂಡೋಸ್ 8 ಅಥವಾ ಅದಕ್ಕಿಂತ ಹೊಸ ಯಂತ್ರ ಮತ್ತು ಸರ್ವರ್ 2012ರ ಸ್ಕೀಮಾ (ಆ್ಯಕ್ಟಿವ್ ಡೈರೆಕ್ಟರಿಯ ರಚನೆ) ಬೇಕು. ವಿಂಡೋಸ್ 7 ಇದನ್ನು ಲೆಕ್ಕಿಸುವುದೇ ಇಲ್ಲ.

ಕರೆಂಟಿನ ಮಾತನ್ನೂ ಇಲ್ಲಿಯೇ ಹೇಳಬೇಕು. ರೋಮಿಂಗ್ ಪ್ರೊಫೈಲ್ ಸರ್ವರಿಗೆ ಹಿಂದಿರುಗುವುದು ಲಾಗಾಫ್ ಆಗುವಾಗ. ಯುಪಿಎಸ್ ಇಲ್ಲದ ಯಂತ್ರ ಮಧ್ಯಾಹ್ನ ಕರೆಂಟ್ ಹೋಗಿ ಆರಿದರೆ ಆ ದಿನದ ಸೆಟ್ಟಿಂಗ್ ಬದಲಾವಣೆಗಳು ಅಲ್ಲಿಯೇ ಉಳಿಯುತ್ತವೆ. ರೀಡೈರೆಕ್ಟ್ ಆದ ಕಡತಗಳಿಗೆ ಈ ಭಯವಿಲ್ಲ, ಸರ್ವರಿನೊಡನೆ ಸಂಪರ್ಕವಿದ್ದರೆ ಉಳಿಸಿದ ಕ್ಷಣವೇ ಅವು ಅಲ್ಲಿರುತ್ತವೆ. ಒಬ್ಬರೇ ಎರಡು ಯಂತ್ರಗಳಲ್ಲಿ ಒಟ್ಟಿಗೆ ಲಾಗಿನ್ ಆಗಿದ್ದರೂ ಎಚ್ಚರಿಕೆ ಬೇಕು: ಎನ್‌ಟಿಯೂಸರ್.ಡ್ಯಾಟ್ ಇಡಿಯಾಗಿ ಹೋಗುವ ಫೈಲಾದ್ದರಿಂದ ಕೊನೆಗೆ ಲಾಗಾಫ್ ಆದ ಯಂತ್ರದ್ದೇ ಗೆಲ್ಲುತ್ತದೆ.

ಕೆಟ್ಟಾಗ ಎಲ್ಲಿ ನೋಡಬೇಕು

ಇವೆಂಟ್ ವ್ಯೂವರಿನ ಅಪ್ಲಿಕೇಷನ್ ಲಾಗಿನಲ್ಲಿ ‘ಯೂಸರ್ ಪ್ರೊಫೈಲ್ಸ್ ಸರ್ವಿಸ್’ ಎಂಬ ಮೂಲದ ದಾಖಲೆಗಳನ್ನು ಹುಡುಕಿ. 1521 ಎಂದರೆ ಸರ್ವರಿನ ಪ್ರೊಫೈಲ್ ಸಿಗಲಿಲ್ಲ. ಜಾಲವನ್ನೂ ದಾರಿಯ ಕಾಗುಣಿತವನ್ನೂ ನೋಡಿ. 1504 ಎಂದರೆ ಲಾಗಾಫ್ ವೇಳೆ ಪ್ರೊಫೈಲ್ ಪೂರ್ತಿ ಹಿಂದಿರುಗಲಿಲ್ಲ. ಅದರ ಜೊತೆಯಲ್ಲೇ 1509 ಇದ್ದರೆ ಯಾವ ಫೈಲ್ ನಕಲಾಗಲಿಲ್ಲ ಎಂಬುದು ಅದರಲ್ಲಿ ಬರೆದಿರುತ್ತದೆ, ಹೆಚ್ಚಾಗಿ ಅದು ಅತಿ ಉದ್ದದ ಹೆಸರಿನ ಫೈಲಾಗಿರುತ್ತದೆ. 1511 ಎಂದರೆ ತಾತ್ಕಾಲಿಕ ಪ್ರೊಫೈಲ್. ಅಂಥ ಹೊತ್ತಿನಲ್ಲಿ ಮಾಡಿದ ಬದಲಾವಣೆಗಳು ಲಾಗಾಫ್ ಆದೊಡನೆ ಅಳಿಯುವುದರಿಂದ ಬಳಕೆದಾರರನ್ನು ತಕ್ಷಣ ಕೆಲಸದಿಂದ ಎಬ್ಬಿಸಿ. ರಿಜಿಸ್ಟ್ರಿಯ ‘ಪ್ರೊಫೈಲ್‌ಲಿಸ್ಟ್’ ಕೆಳಗೆ ಅವರ ಗುರುತಿನ ಸಂಖ್ಯೆಯ ಕೊನೆಗೆ ‘ಬ್ಯಾಕ್’ (.bak) ಎಂಬ ಬಾಲ ಸೇರಿಕೊಂಡಿದ್ದರೆ ಯಂತ್ರದ ಸ್ಥಳೀಯ ನಕಲು ಕೆಟ್ಟಿದೆ ಎಂದರ್ಥ. ಹೊರಗೆ ಹೋಗದ ಕಡತಗಳೇನಾದರೂ ಇದ್ದರೆ ನಕಲು ತೆಗೆದುಕೊಂಡು, ಯಂತ್ರವನ್ನು ರೀಸ್ಟಾರ್ಟ್ ಮಾಡಿ, ಸಿಸ್ಟಂ ಪ್ರಾಪರ್ಟೀಸ್‌ನ ಪಟ್ಟಿಯಿಂದಲೇ ಆ ಪ್ರೊಫೈಲನ್ನು ಅಳಿಸಿ. ‘ಯೂಸರ್ಸ್’ ಫೋಲ್ಡರಿಗೆ ಹೋಗಿ ಕೈಯಾರೆ ಅಳಿಸಿದರೆ ರಿಜಿಸ್ಟ್ರಿಯ ಗುರುತು ಉಳಿದು ಮುಂದಿನ ಲಾಗಿನ್ ಮತ್ತೆ ತಾತ್ಕಾಲಿಕವಾಗುತ್ತದೆ.

ಹಳೆಯ ವಿ2 ಫೋಲ್ಡರಿನಿಂದ ಏನನ್ನು ತರಬೇಕು

ಬಳಕೆದಾರರು ವಿಂಡೋಸ್ 7 ಯಂತ್ರದಲ್ಲಿ ಒಮ್ಮೆ ಲಾಗಿನ್ ಆದರೆ ರೀಡೈರೆಕ್ಷನ್ ಅವರ ಕಡತಗಳನ್ನು ತಾನೇ ಸಾಗಿಸುತ್ತದೆ. ಆ ಯಂತ್ರವೇ ಸತ್ತಿದ್ದರೆ, ನಮ್ಮಲ್ಲಿ ಆದಂತೆ, ಇನ್ನೊಂದು ವಿಂಡೋಸ್ 7 ಯಂತ್ರದಲ್ಲಿ ಲಾಗಿನ್ ಮಾಡಿಸಿ. ಅದೂ ಇಲ್ಲದಿದ್ದರೆ ವಿ2 ಒಳಗಿನ ಡಾಕ್ಯುಮೆಂಟ್ಸ್ ಮತ್ತು ಡೆಸ್ಕ್‌ಟಾಪನ್ನು ರೋಬೋಕಾಪಿ ಎಂಬ ವಿಂಡೋಸ್‌ನ ನಕಲು ಸಾಧನದಿಂದ ‘ಕಡತ$’ ಶೇರಿನ ಅವರ ಫೋಲ್ಡರಿಗೆ ನಕಲು ಮಾಡಿ. ಆಪ್‌ಡೇಟಾದಿಂದ ನಾನು ತರುವುದು ಎರಡನ್ನೇ: ವರ್ಡ್ ಟೆಂಪ್ಲೇಟುಗಳು ಮತ್ತು ಕಸ್ಟಮ್ ಡಿಕ್ಷನರಿ. ಉಳಿದದ್ದು ಹಳೆಯ ಮನೆಯ ಧೂಳು. ಬಹಳ ಖಾತೆಗಳಿದ್ದರೆ ಮೈಕ್ರೋಸಾಫ್ಟಿನ ಯುಎಸ್‌ಎಂಟಿ ಎಂಬ ಸಾಧನ ಈ ಕೆಲಸಕ್ಕೆಂದೇ ಇದೆ.

ವಿ2 ಫೋಲ್ಡರುಗಳನ್ನು ಕೂಡಲೇ ಅಳಿಸಬೇಡಿ. ನಾವು ಅವನ್ನು ಸರ್ವರಿನ ಬೇರೊಂದು ಡಿಸ್ಕಿಗೆ ಸಾಗಿಸಿ, ಒಂದು ಪೂರ್ಣ ಪರೀಕ್ಷಾ ವರ್ಷ ಮುಗಿಯುವವರೆಗೆ ಓದಲು ಮಾತ್ರ ಬಿಟ್ಟಿದ್ದೆವು. ಹನ್ನೊಂದನೆಯ ತಿಂಗಳಲ್ಲಿ ಅದೇ ಬೆರಳಚ್ಚುಗಾರರು ಬಂದು, ಡಾಕ್ಯುಮೆಂಟ್ಸಿನಲ್ಲಿ ಅಲ್ಲದೆ ಪ್ರೊಫೈಲಿನ ಬೇರಿನಲ್ಲಿಯೇ ‘ಹಳೇದು’ ಎಂಬ ಫೋಲ್ಡರ್ ಮಾಡಿ ಇಟ್ಟಿದ್ದ ಪೂರಕ ಪರೀಕ್ಷೆಯ ಅಂಕಪಟ್ಟಿಯೊಂದನ್ನು ಕೇಳಿದರು. ಅದು ವಿ2 ಒಳಗೆ ಇತ್ತು.